ಎಸರು ಹಾಕದ ಹಿಟ್ಟು: ಸವಳು ನೀರಿಗೆ ಮನೆಯಲ್ಲೇ ಮಾಡಿದ ಶಾಂಪೂ ಬಾರ್

ನಮ್ಮ ಬಚ್ಚಲಿನ ಬಕೆಟ್ ಒಳಗೆ ಒಂದು ಬಿಳಿ ಪದರ ಕೂತಿದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನೀರು ಕಾಯಿಸುವ ರಾಡಿನ ಮೇಲೂ ಅದೇ ಪದರ, ನಳದ ಬಾಯಿಗೂ ಅದೇ. ಬಾಗಲಕೋಟೆಯ ನವನಗರದಲ್ಲಿ ಬೋರ್ ನೀರು ಬಳಸುವವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಭಾಗದ ನೆಲದಡಿ ಸುಣ್ಣದಕಲ್ಲು, ಡಾಲಮೈಟ್ ಇವೆ. ಭೂವಿಜ್ಞಾನದವರು ಈ ಕಲ್ಲಿನ ಪದರಗಳನ್ನು ನಮ್ಮ ಪಕ್ಕದ ಕಲಾದಗಿಯ ಹೆಸರಿನಿಂದಲೇ ಕರೆಯುತ್ತಾರೆ. ಇಲ್ಲಿ ಸಿಮೆಂಟ್ ಫ್ಯಾಕ್ಟರಿ ಬಂದದ್ದೂ ಆ ಸುಣ್ಣದಕಲ್ಲನ್ನು ನಂಬಿಯೇ. ಅದರ ಸಂದಿಯಲ್ಲಿ ಹಾದು ಬರುವ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕಟ್ಟಿಕೊಂಡೇ ಬರುತ್ತದೆ. ನೀರಲ್ಲಿ ಇವು ಎಷ್ಟಿವೆ ಅನ್ನುವ ಅಳತೆಯೇ ಗಡಸುತನ. ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಅದು ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಹನಿ ಎಣಿಸಿ ನೋಡುವ ಕಿಟ್ ತರಿಸಿ ನಮ್ಮ ಬೋರ್ ನೀರು ಪರೀಕ್ಷಿಸಿದೆ. 600 ದಾಟಿದ ಮೇಲೆ ಹನಿ ಎಣಿಸುವುದನ್ನೇ ಬಿಟ್ಟೆ.

ಮಗಳ ಜಡೆ ಉದ್ದ. ಸೋಪು ಹಚ್ಚಿ ತೊಳೆದರೆ ಕೂದಲು ಅಂಟಂಟಾಗಿ, ಒಣಗಿದ ಮೇಲೆ ಬಾಚಣಿಗೆಯಲ್ಲಿ ಬಿಳಿ ಪುಡಿ ಬರುತ್ತಿತ್ತು. ಅದು ಹೊಟ್ಟು ಅಂತ ವರ್ಷಗಟ್ಟಲೆ ತಿಳಿದಿದ್ದೆ. ಒಂದು ದಿನ ಆ ಪುಡಿಯನ್ನು ಬೆರಳಲ್ಲಿ ತಿಕ್ಕಿದೆ. ಮೇಣದ ಹಾಗೆ ಜಾರಿತು. ಹೊಟ್ಟು ಹಾಗೆ ಜಾರುವುದಿಲ್ಲ, ಅಲ್ವಾ?

ಅದು ಸೋಪಿನ ಗಷ್ಟೇ. ಸೋಪು ಅಂದರೆ ಎಣ್ಣೆಯ ಕೊಬ್ಬಿನ ಆಮ್ಲಕ್ಕೆ ಸೋಡಿಯಂ ಜೋಡಿಸಿದ್ದು. ಸವಳು ನೀರಲ್ಲಿ ಕ್ಯಾಲ್ಸಿಯಂ ಬಂದು ಸೋಡಿಯಂನ ಜಾಗ ಹಿಡಿಯುತ್ತದೆ. ಹಾಗಾದ ಕೂಡಲೇ ಅದು ನೀರಲ್ಲಿ ಕರಗುವುದನ್ನು ಬಿಟ್ಟು ಮೊಸರು ಒಡೆದ ಹಾಗೆ ತೇಲುತ್ತದೆ. ಕೂದಲಿಗೆ, ಬಕೆಟ್ಟಿಗೆ, ಮೈಗೆ ಹತ್ತಿಕೊಳ್ಳುತ್ತದೆ. ಜೊತೆಗೆ ಸೋಪಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 9ರಿಂದ 10. 7ಕ್ಕಿಂತ ಮೇಲೆ ಹೋದಷ್ಟೂ ಕ್ಷಾರ, ಕೆಳಗೆ ಇಳಿದಷ್ಟೂ ಹುಳಿ. ನಮ್ಮ ಚರ್ಮದ್ದು 5ರ ಆಸುಪಾಸು. ಮೈ ಬಿಗಿದ ಹಾಗೆ ಅನಿಸುವುದಕ್ಕೆ ಅದೂ ಒಂದು ಕಾರಣ.

ಹಾಗಾಗಿ ಸೋಪಲ್ಲದ, ಆದರೆ ಗಟ್ಟಿ ಬಿಲ್ಲೆಯಾಗಿ ನಿಲ್ಲುವ ಒಂದು ವಸ್ತು ಬೇಕಿತ್ತು. ಹುಡುಕಿದಾಗ ಸಿಕ್ಕಿದ್ದು ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್. ಬಾಯಿ ತಿರುಗದ ಹೆಸರು, ಇನ್ನು ಮುಂದೆ ಎಸ್‌ಸಿಐ ಅನ್ನುತ್ತೇನೆ. 1957ರಲ್ಲಿ ಅಮೆರಿಕದ ಅಂಗಡಿಗೆ ಬಂದ ಡವ್ ಬಿಲ್ಲೆಯ ಮುಖ್ಯ ಸಾಮಗ್ರಿ ಇದೇ ಜಾತಿಯದು. ಅದಕ್ಕೂ ಮೊದಲು, 1930ರ ದಶಕದಲ್ಲಿ, ಇದರ ಹಿರಿಯಣ್ಣನಂಥದ್ದನ್ನು ಜರ್ಮನಿಯಲ್ಲಿ ಇಗೆಪಾನ್ ಎ ಅನ್ನುವ ಹೆಸರಲ್ಲಿ ನೂಲು, ಬಟ್ಟೆಯ ಕೆಲಸಕ್ಕೆ ಮಾಡುತ್ತಿದ್ದರು. ಗಡಸು ನೀರಲ್ಲೂ ಗಷ್ಟು ಕಟ್ಟಬಾರದು ಅನ್ನುವುದೇ ಅದರ ಉದ್ದೇಶ. ನಮ್ಮ ಅತ್ತೆಯವರ ತವರು ಗುಳೇದಗುಡ್ಡ, ನೇಕಾರರ ಮನೆ. ಈ ಸಂಗತಿ ಹೇಳಿದಾಗ ಅವರು, "ನೂಲ ತೊಳ್ಯಾಕ ನೀರ ಛಲೋ ಬೇಕವಾ, ಇಲ್ಲಾಂದ್ರ ಬಣ್ಣ ಒಂದೇ ಸವನಾ ಹಿಡಿಯೂದಿಲ್ಲ" ಅಂದರು. ಅಷ್ಟು ಹೊತ್ತು ನಾನು ಕೊಟ್ಟ ವಿವರಣೆ ಅವರಿಗೆ ಮೊದಲೇ ಗೊತ್ತಿತ್ತು.

ಮೊದಲನೇ ಸಲ: ಸಂಡಿಗೆ ಕರಿದ ಹಾಗೆ

ಕೊರಿಯರ್‌ನಲ್ಲಿ ಅರ್ಧ ಕೆಜಿ ಬಂತು. ಶ್ಯಾವಿಗೆ ತುಂಡಿನ ಹಾಗೆ ಬಿಳಿ ಕಡ್ಡಿಗಳು. ಪೊಟ್ಟಣದ ಮೇಲೆ ದೊಡ್ಡ ತೆಂಗಿನಕಾಯಿಯ ಚಿತ್ರ. ನನಗೆ ದಾರಿ ತಪ್ಪಿಸಿದ್ದೇ ಆ ಚಿತ್ರ. ತೆಂಗಿನಿಂದ ಬಂದದ್ದು ತೆಂಗಿನೆಣ್ಣೆಯಲ್ಲಿ ಕರಗುತ್ತದೆ ಅಂದುಕೊಂಡೆ. ಬಾಣಲೆಯಲ್ಲಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಕಡ್ಡಿ ಸುರಿದೆ.

ಏನೂ ಆಗಲಿಲ್ಲ. ಕಡ್ಡಿ ಕಡ್ಡಿಯಾಗಿಯೇ ಉಳಿದವು. ಉರಿ ಜಾಸ್ತಿ ಮಾಡಿದೆ. ಅಂಚು ಕಂದು ತಿರುಗಿತು, ಮನೆ ತುಂಬ ಕಮಟು ವಾಸನೆ.

ಆಮೇಲೆ ಕೂತು ಓದಿದೆ. ಎಸ್‌ಸಿಐ ಎಣ್ಣೆಯಲ್ಲಿ ಕರಗುವ ವಸ್ತುವೇ ಅಲ್ಲ. ತಾನಾಗಿ ಕರಗಬೇಕೆಂದರೆ 190 ಡಿಗ್ರಿಗೂ ಮೇಲೆ ಕಾಯಬೇಕು, ಅಡುಗೆಮನೆಯಲ್ಲಿ ಆ ಕೆಲಸ ಬೇಡ. ಇನ್ನೊಂದು ಮಾತು. ಇದು ಪೂರ್ತಿ ತೆಂಗಿನದೂ ಅಲ್ಲ. ತೆಂಗಿನೆಣ್ಣೆಯ ಕೊಬ್ಬಿನ ಆಮ್ಲಗಳು ಒಂದು ಕಡೆ. ಇನ್ನೊಂದು ಕಡೆ ಸೋಡಿಯಂ ಐಸೆಥಿಯೊನೇಟ್ ಅನ್ನುವ ಉಪ್ಪು. ಆ ಉಪ್ಪನ್ನು ಎಥಿಲೀನ್ ಆಕ್ಸೈಡ್, ಸೋಡಿಯಂ ಬೈಸಲ್ಫೈಟ್‌ನಿಂದ ಮಾಡುತ್ತಾರೆ. ಎಥಿಲೀನ್ ಆಕ್ಸೈಡ್‌ನ ಮೂಲ ಸಾಮಾನ್ಯವಾಗಿ ಪೆಟ್ರೋಲಿಯಂ. ಪೊಟ್ಟಣದ ಮೇಲೆ ತೆಂಗಿನಕಾಯಿ ಬರೆದವರು ಪಕ್ಕದಲ್ಲಿ ಒಂದು ಎಣ್ಣೆಬಾವಿಯನ್ನೂ ಬರೆಯಬೇಕಿತ್ತು. ಇದನ್ನು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸುಮ್ನೆ "ನೂರಕ್ಕೆ ನೂರು ನೈಸರ್ಗಿಕ" ಅಂತ ಬರೆದು ಮಾರುವವರ ಮೇಲೆ ಸಿಟ್ಟು.

ತೆಂಗೇ ಯಾಕೆ ಬೇಕು, ನಮ್ಮ ಕಡೆಯ ಕುಸುಬೆ ಎಣ್ಣೆ, ಶೇಂಗಾ ಎಣ್ಣೆ ಆಗುವುದಿಲ್ಲವಾ ಅಂತ ಮನೆಯವರು ಕೇಳಿದರು. ಒಳ್ಳೆ ಪ್ರಶ್ನೆ. ತೆಂಗಿನೆಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ, ಅಂದರೆ 12 ಇಂಗಾಲದ ಸರಪಳಿ. ದಂಡಿಯಾಗಿ ನೊರೆ ಬರುವುದು ಸರಪಳಿ ಅಷ್ಟೇ ಉದ್ದ ಇದ್ದಾಗ. ಕುಸುಬೆ, ಶೇಂಗಾದಲ್ಲಿ ಹೆಚ್ಚಿನವು 18 ಇಂಗಾಲದವು. ರೊಟ್ಟಿ ಜೊತೆಗಿನ ಚಟ್ನಿ ಪುಡಿಗೆ ಅವೇ ರುಚಿ, ನೊರೆಗೆ ಅಲ್ಲ.

ಎರಡನೇ ಸಲ: ಸೀನು

ಈ ಸಲ ಕಡ್ಡಿಗಳನ್ನು ಮಿಕ್ಸಿಗೆ ಹಾಕಿ ಪುಡಿ ಮಾಡಿದೆ. ಮುಚ್ಚಳ ತೆಗೆದದ್ದೇ ತಡ, ಮೆಣಸಿನಕಾಯಿ ಕುಟ್ಟುವ ಗಿರಣಿಯಲ್ಲಿ ನಿಂತ ಹಾಗಾಯಿತು. ಹತ್ತು ನಿಮಿಷ ಸೀನು ನಿಲ್ಲಲಿಲ್ಲ. ಚರ್ಮಕ್ಕೆ ಮೆತ್ತಗಿನ ವಸ್ತು ಮೂಗಿಗೂ ಮೆತ್ತಗೆ ಅಂತ ಯಾರೂ ಹೇಳಿರಲಿಲ್ಲ, ನಾನೇ ಅಂದುಕೊಂಡಿದ್ದು. ಪುಡಿ ಮಾಡುವುದಾದರೆ ಮಾಸ್ಕ್ ಬೇಕು, ಫ್ಯಾನ್ ಆರಿಸಬೇಕು, ಪುಡಿ ಕೆಳಗೆ ಕೂರುವವರೆಗೆ ಮುಚ್ಚಳ ತೆಗೆಯಬಾರದು.

ಜಾರ್ ತೊಳೆದಷ್ಟೂ ನೊರೆ. ಏಳೆಂಟು ಸಲ ತೊಳೆದೆ. ಮರುದಿನದ ಶೇಂಗಾ ಚಟ್ನಿ ನಾಲಿಗೆಗೆ ಸೋಪಿನ ಹಾಗೆ ಹತ್ತಿತು. ಅತ್ತೆಯವರು ತಾಟು ಸರಿಸಿ ನನ್ನ ಮುಖ ನೋಡಿದರು, ಅಷ್ಟೇ. ಈಗ ಈ ಕೆಲಸಕ್ಕೆ ಹಳೆಯ ಜಾರ್ ಬೇರೆಯೇ ಇದೆ, ಅದಕ್ಕೆ ಕೆಂಪು ಟೇಪ್ ಸುತ್ತಿದ್ದೇನೆ.

ಪುಡಿಯನ್ನು ಕೊಕಾಮಿಡೊಪ್ರೊಪಿಲ್ ಬೀಟೈನ್ ಜೊತೆ ಕಲಸಬೇಕು. ಇದೂ ತೆಂಗಿನ ಸಂಬಂಧಿ, ನೊರೆ ಕೊಟ್ಟು ಕೊಳೆ ತೆಗೆಯುವ ತಿಳಿ ಹಳದಿ ದ್ರವ. ಇನ್ನು ಮುಂದೆ ಬರೀ ಬೀಟೈನ್ ಅನ್ನುತ್ತೇನೆ. ಅದರಲ್ಲಿ ಕೆಲಸದ ವಸ್ತು ಶೇ. 30ರಷ್ಟು, ಮಿಕ್ಕಿದ್ದು ಬಹುಪಾಲು ನೀರು. ಎಸ್‌ಸಿಐ ಪುಡಿಯಲ್ಲಿ ಶೇ. 84ರಷ್ಟು. ಎರಡನ್ನೂ ಸ್ಟೀಲ್ ಬಟ್ಟಲಿಗೆ ಹಾಕಿ, ಕುದಿಯುವ ನೀರಿನ ಪಾತ್ರೆಯ ಮೇಲೆ ಇಟ್ಟು ತಿರುವುತ್ತಾ ನಿಂತೆ. ಅರ್ಧ ಗಂಟೆಯಲ್ಲಿ ಒಣ ಉಪ್ಪಿಟ್ಟಿನ ಹಾಗೆ ಉದುರುದುರಾಯಿತು. ಅದನ್ನೇ ಒತ್ತಿ ಬಿಲ್ಲೆ ಮಾಡಿದೆ. ರಾತ್ರಿ ಕಳೆಯುವಷ್ಟರಲ್ಲಿ ಬೇಸಿಗೆಯ ಎರೆ ಹೊಲದ ಹಾಗೆ ಬಿರುಕು. ಎತ್ತಿದರೆ ಕೈಯಲ್ಲೇ ಮುರಿಯಿತು.

ಅತ್ತೆಯವರ ತಿದ್ದುಪಡಿ

ಮುರಿದ ತುಂಡು ಕಿಟಕಿಯಲ್ಲಿ ಇಟ್ಟಿದ್ದೆ. ಅತ್ತೆಯವರು ಎತ್ತಿ, ಬೆರಳಲ್ಲಿ ಪುಡಿ ಮಾಡಿ ನೋಡಿದರು.

"ಎಸರ ಹಾಕೀಯೇನವಾ ಇದಕ್ಕ?"

"ಅತ್ತಿ, ಇದು ರೊಟ್ಟಿ ಹಿಟ್ಟಲ್ರೀ."

"ಗೊತ್ತೈತಿ. ಆದ್ರ ಜಿಗಿ ಬಂದಿಲ್ಲ. ತಣ್ಣೀರ ಹಾಕಿ ನಾದಿದ ಜ್ವಾಳದ ಹಿಟ್ಟು ಹಿಂಗ ಸೀಳತೈತಿ. ಬಿಸಿ ಎಸರ ಹಾಕಿ ಮುಚ್ಚಿಡಬೇಕು. ಬಿಸಿ ಇದ್ದಾಗ ನಾದಬೇಕು."

ಮುಚ್ಚಿಡಬೇಕು. ಆ ಒಂದು ಮಾತಿಗೆ ನನ್ನ ತಪ್ಪು ಹೊಳೆಯಿತು. ಎಸ್‌ಸಿಐ ಮೆತ್ತಗಾಗುವುದು ಬರೀ ಶಾಖಕ್ಕಲ್ಲ, ಶಾಖದ ಜೊತೆ ಬೀಟೈನ್‌ನಲ್ಲಿರುವ ನೀರಿಗೆ. ನಾನು ಬಾಯಿ ತೆರೆದ ಬಟ್ಟಲಲ್ಲಿ ಅರ್ಧ ಗಂಟೆ ತಿರುವಿ ಆ ನೀರನ್ನೆಲ್ಲಾ ಆವಿ ಮಾಡಿ ಕಳಿಸಿದ್ದೆ. ಜೋಳದಲ್ಲಿ ಗೋಧಿಯ ಹಾಗೆ ಎಳೆಯುವ ಅಂಟು ಇಲ್ಲ. ಅದರ ಪಿಷ್ಟ ಬಿಸಿ ನೀರಲ್ಲಿ ಉಬ್ಬಿ ಜಿಗಿ ಕೊಡುತ್ತದೆ. ಇಲ್ಲಿ ನಡೆಯುವ ರಸಾಯನ ಬೇರೆ, ಕೈಗೆ ಗೊತ್ತಾಗುವ ಹದ ಮಾತ್ರ ಅದೇ.

ಮೂರನೇ ಸಲ: ಅಳತೆ

200 ಗ್ರಾಂ ಹಿಟ್ಟಿಗೆ, ಅಂದರೆ ಎರಡು ಬಿಲ್ಲೆಗೆ, ನನ್ನ ಅಳತೆ ಹೀಗಿತ್ತು. ಎಸ್‌ಸಿಐ ಪುಡಿ 110 ಗ್ರಾಂ. ಬೀಟೈನ್ 36. ಸೀಟೈಲ್ ಆಲ್ಕೋಹಾಲ್ 14, ಸ್ಟಿಯರಿಕ್ ಆಮ್ಲ 14. ಕಾರ್ನ್‌ಫ್ಲೋರ್ 10. ಕೊಬ್ಬರಿ ಎಣ್ಣೆ 6. ಗ್ಲಿಸರಿನ್ 4, ಆರ್‌ಓ ನೀರು 4. ಕೆಡದಂತೆ ಇಡಲು ಫಿನಾಕ್ಸಿಎಥನಾಲ್ 2 ಗ್ರಾಂ, ಅಂದರೆ ಶೇ. 1. ಅದಕ್ಕಿಂತ ಜಾಸ್ತಿ ಹಾಕಬಾರದು. ಅಡುಗೆಮನೆಯ ದೊಡ್ಡ ತಕ್ಕಡಿ ಇಂಥ ಸಣ್ಣ ತೂಕ ಹೇಳುವುದಿಲ್ಲ. ಪಾಯಿಂಟ್ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಬೇಕು.

ಸೀಟೈಲ್ ಆಲ್ಕೋಹಾಲ್ ಅನ್ನುವ ಚೀಟಿ ನೋಡಿ ಮನೆಯವರು ಡಬ್ಬಿಯನ್ನು ಎರಡು ಸಲ ಮೂಸಿದರು. ಅದು ಬಿಳಿ ಮೇಣದ ಚೂರು, ಸುಮಾರು 49 ಡಿಗ್ರಿಗೆ ಕರಗುತ್ತದೆ. ಅಮಲಿಗೂ ಅದಕ್ಕೂ ದೂರ. ಸ್ಟಿಯರಿಕ್ ಆಮ್ಲ 69ರ ಹತ್ತಿರ ಕರಗುತ್ತದೆ. ನಮ್ಮ ಬೇಸಿಗೆಯಲ್ಲಿ ಬಿಲ್ಲೆ ಮೆತ್ತಗಾಗಬಾರದು ಅಂತಲೇ ಅದು ಬೇಕು.

ಮಾಸ್ಕ್ ಹಾಕಿಕೊಂಡು ಎಸ್‌ಸಿಐ, ಬೀಟೈನ್, ನೀರು ಕಲಸಿದೆ. ಬಟ್ಟಲಿನ ಮೇಲೆ ತಾಟು ಮುಚ್ಚಿದೆ. ಕೆಳಗಿನ ನೀರು ಸಣ್ಣಗೆ ಕುದಿಯುವಷ್ಟು ಉರಿ. ಒಳಗೆ 75–80 ಡಿಗ್ರಿ ಇತ್ತು. ಹತ್ತು ನಿಮಿಷಕ್ಕೊಮ್ಮೆ ತೆಗೆದು, ಸೌಟಿನ ಬೆನ್ನಿಂದ ಒತ್ತಿ, ಮತ್ತೆ ಮುಚ್ಚುತ್ತಿದ್ದೆ. ಮೊದಲ ಇಪ್ಪತ್ತು ನಿಮಿಷ ಮತ್ತೆ ಉಪ್ಪಿಟ್ಟಿನ ಹಾಗೇ ಕಂಡಿತು, ಎದೆ ಧಸಕ್ಕೆಂದಿತು. ಮೂವತ್ತಕ್ಕೆ ಅಂಚು ಹೊಳೆಯತೊಡಗಿತು. ನಲವತ್ತೈದಕ್ಕೆ ಅದು ಒಂದೇ ಮುದ್ದೆ. ಆಗ ಸೀಟೈಲ್ ಆಲ್ಕೋಹಾಲ್, ಸ್ಟಿಯರಿಕ್ ಆಮ್ಲ, ಎಣ್ಣೆ ಸೇರಿಸಿ, ಅವು ಕರಗಿ ಒಂದಾದ ಮೇಲೆ ಕಾರ್ನ್‌ಫ್ಲೋರ್, ಗ್ಲಿಸರಿನ್ ಹಾಕಿದೆ. ಕೆಳಗಿಳಿಸಿ, ಸ್ವಲ್ಪ ಆರಿದ ಮೇಲೆ ಕೊನೆಗೆ ಫಿನಾಕ್ಸಿಎಥನಾಲ್.

ಪರಾತಕ್ಕೆ ಸುರಿದು, ಕೈಗವಸು ಹಾಕಿ, ಬಿಸಿ ಇದ್ದಾಗಲೇ ಅಂಗೈ ಬುಡದಿಂದ ನಾದಿದೆ. ಅತ್ತೆಯವರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಒಂದು ಚೂರು ಕಿತ್ತು ಉಂಡೆ ಮಾಡಿ, ಬೆರಳಲ್ಲಿ ಒತ್ತಿದರು. ಅಂಚು ಸೀಳಲಿಲ್ಲ. "ಈಗ ಬಂತು" ಅಂದರು.

ಅವರ ಇನ್ನೊಂದು ಸಲಹೆ ಮಾತ್ರ ಕೇಳಲಿಲ್ಲ. ಒಂದು ನಿಂಬೆಹಣ್ಣು ಹಿಂಡು ಅಂದರು. ಪಕ್ಕದ ಮನೆಯವರು ಅಡುಗೆ ಸೋಡಾ ಹಾಕಿ ಅಂದರು. ಎರಡೂ ಬೇಡ. ಎಸ್‌ಸಿಐನ ಎರಡು ಭಾಗಗಳನ್ನು ಹಿಡಿದಿರುವುದು ಎಸ್ಟರ್ ಕೊಂಡಿ. ಹುಳಿ ತೀರಾ ಹೆಚ್ಚಾದರೂ, ಕ್ಷಾರ ಹೆಚ್ಚಾದರೂ ನೀರಿನ ಸಂಗಡ ಆ ಕೊಂಡಿ ಬಿಡುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. ಕೊಂಡಿ ಬಿಟ್ಟ ಮೇಲೆ ಉಳಿಯುವುದು ಕೊಬ್ಬಿನ ಆಮ್ಲ, ಆ ಉಪ್ಪು ಮಾತ್ರ. ಒಂದು ಗ್ರಾಂ ಬಿಲ್ಲೆಯನ್ನು ಒಂಬತ್ತು ಗ್ರಾಂ ಆರ್‌ಓ ನೀರಲ್ಲಿ ಕದಡಿ ಪಿಎಚ್ ಪಟ್ಟಿ ಅದ್ದಿದೆ. ಬಣ್ಣ 5 ಮತ್ತು 6ರ ನಡುವೆ ನಿಂತಿತು. ಚರ್ಮದ ಪಿಎಚ್‌ಗೆ ಹತ್ತಿರವೇ ಇದೆ ಅಂತ ಏನೂ ಸೇರಿಸದೆ ಹಾಗೇ ಬಿಟ್ಟೆ.

ಅಚ್ಚು

ಇಲ್ಲಿ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ. ಅಂಗಡಿಯ ಸಿಲಿಕಾನ್ ಅಚ್ಚಿಗೆ ಈ ಹಿಟ್ಟು ಹೊಂದುವುದಿಲ್ಲ. ಸುರಿಯುವಷ್ಟು ತೆಳು ಅಲ್ಲ, ಒತ್ತಬೇಕು. ಮನೆಯಲ್ಲಿ 63 ಎಂಎಂ ಪಿವಿಸಿ ಪೈಪಿನ ತುಂಡು ಬಿದ್ದಿತ್ತು. ಐದು ಇಂಚು ಕತ್ತರಿಸಿದೆ. ಬಡಿಗರ ಹತ್ತಿರ ಅದರೊಳಗೆ ಸಲೀಸಾಗಿ ಇಳಿಯುವ ಮರದ ಗಟ್ಟಿ ಮಾಡಿಸಿದೆ. 100 ಗ್ರಾಂ ಹಿಟ್ಟು ತುಂಬಿ, ಮೇಲೆ ಗಟ್ಟಿ ಇಟ್ಟು, ಅದರ ಮೇಲೆ ರುಬ್ಬುಗುಂಡು ಹೇರಿದೆ.

ಬೆಳಗ್ಗೆ ಬಿಲ್ಲೆ ಹೊರಗೆ ಬರಲೊಲ್ಲದು. ಸುತ್ತಿಗೆಯಿಂದ ಬಡಿದದ್ದಕ್ಕೆ ಅಂಚು ಚೂರಾಯಿತು. ಆಮೇಲೆ ಪೈಪನ್ನು ಗರಗಸದಿಂದ ಉದ್ದಕ್ಕೆ ಒಂದು ಕಡೆ ಮಾತ್ರ ಸೀಳಿದೆ. ಸೀಳನ್ನು ಬಿಗಿ ಹಿಡಿಯಲು ಗ್ಯಾಸ್ ಪೈಪಿಗೆ ಹಾಕುವಂಥ ಆದರೆ ದೊಡ್ಡ ಸೈಜಿನ ಎರಡು ಹೋಸ್ ಕ್ಲಿಪ್. ಸ್ಕ್ರೂ ಬಿಗಿ ಮಾಡಿದರೆ ಅಚ್ಚು, ಸಡಿಲ ಮಾಡಿದರೆ ಪೈಪು ಬಾಯಿ ಬಿಟ್ಟು ಬಿಲ್ಲೆ ತಾನೇ ಜಾರಿ ಬೀಳುತ್ತದೆ. ಒಳಗೆ ಹಾಲಿನ ಪಾಕೀಟಿನ ಹಾಳೆ ಹಾಸುತ್ತೇನೆ, ಹೋಳಿಗೆ ತಟ್ಟಲು ಬಳಸುವಂಥದ್ದೇ. ಇಡೀ ಕೆಲಸದಲ್ಲಿ ನನಗೆ ಬಹಳ ಖುಷಿ ಕೊಟ್ಟದ್ದು ಈ ಅಚ್ಚೇ.

ಬಿಲ್ಲೆಗಳನ್ನು ಮೂರು ದಿನ ಗಾಳಿಗೆ ಇಟ್ಟೆ. ಇದು ಕಾಸ್ಟಿಕ್ ಹಾಕಿದ ಸೋಪಲ್ಲ. ವಾರಗಟ್ಟಲೆ ಹಣ್ಣಾಗಬೇಕಿಲ್ಲ, ಮೇಲಿನ ತೇವ ಆರಿದರೆ ಸಾಕು.

ಬಾಟಲಿ ಪರೀಕ್ಷೆ

ನಾಲ್ಕು ಖಾಲಿ ನೀರಿನ ಬಾಟಲಿ. ಮೊದಲನೆಯದರಲ್ಲಿ ಬೋರ್ ನೀರು, ಮೈಸೋಪಿನ ತುರಿ. ಎರಡನೆಯದರಲ್ಲಿ ಆರ್‌ಓ ನೀರು, ಅದೇ ಸೋಪು. ಮೂರರಲ್ಲಿ ಬೋರ್ ನೀರು, ನನ್ನ ಬಿಲ್ಲೆಯ ತುರಿ. ನಾಲ್ಕನೆಯದು ಅತ್ತೆಯವರ ಹಟಕ್ಕೆ, ಬೋರ್ ನೀರು ಮತ್ತು ಸೀಗೆಕಾಯಿ ಪುಡಿ. ಎಲ್ಲವನ್ನೂ ಇಪ್ಪತ್ತು ಸಲ ಕುಲುಕಿದ್ದು ಮಗಳು.

ಮೊದಲನೆಯದು ಒಡೆದ ಹಾಲಿನ ಹಾಗಾಯಿತು, ಮೇಲೆ ಬಿಳಿ ಹಳಕು, ನೊರೆ ಇಲ್ಲ. ಎರಡನೆಯದರಲ್ಲಿ ಅದೇ ಸೋಪು ಬುಸುಬುಸು ನೊರೆ. ಮೂರನೆಯದರಲ್ಲಿ ಸಣ್ಣ ಗುಳ್ಳೆಯ ದಪ್ಪ ನೊರೆ ಕುತ್ತಿಗೆವರೆಗೆ ಬಂತು. ನೀರು ಸ್ವಲ್ಪ ಮಬ್ಬಾಯಿತು, ಅದು ನಾನು ಹಾಕಿದ ಸ್ಟಿಯರಿಕ್ ಆಮ್ಲ, ಮೇಣದ ಕೆಲಸ. ಹಳಕು ಮಾತ್ರ ಇಲ್ಲ. ಸೀಗೆಕಾಯಿಯದೂ ನೊರೆ ಬಂತು, ತೆಳುವಾಗಿ. ಸೀಗೆಯ ನೊರೆ ಸ್ಯಾಪೊನಿನ್ ಅನ್ನುವ, ಗಿಡದಲ್ಲೇ ಇರುವ ನೊರೆಯ ವಸ್ತುವಿನದು, ಸೋಪಿನ ಹಾಗೆ ಕ್ಯಾಲ್ಸಿಯಂ ಸಿಕ್ಕ ಕೂಡಲೇ ಒಡೆಯುವುದಿಲ್ಲ. "ನೋಡ, ನಮ್ಮದೇನ ಕಡಿಮಿ ಇಲ್ಲ" ಅಂತ ಅತ್ತೆಯವರು ನಾಲ್ಕನೇ ಬಾಟಲಿ ಎತ್ತಿಕೊಂಡು ಹೋದರು. ವಾದಕ್ಕೆ ಇಳಿಯಲಿಲ್ಲ. ಅವರ ಕೂದಲು ನನಗಿಂತ ದಪ್ಪ.

ತಲೆಗೆ ಹಾಕುವ ಮೊದಲು ಮೊಣಕೈ ಒಳಗೆ ನೊರೆ ಹಚ್ಚಿ ತೊಳೆದು, ಎರಡು ದಿನ ಕಾಯ್ದೆ. ಮೆತ್ತಗಿನದು ಅಂತ ಎಲ್ಲರಿಗೂ ಒಗ್ಗಬೇಕೆಂದಿಲ್ಲ. ಬೀಟೈನನ್ನೇ ನೋಡಿ. ಮಕ್ಕಳ ಶಾಂಪೂವಿನಲ್ಲೂ ಇರುವ ವಸ್ತು. ಆದರೂ ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2004ರಲ್ಲಿ ಅದನ್ನು ವರ್ಷದ ಅಲರ್ಜಿಕಾರಕ ಅಂತ ಹೆಸರಿಸಿತ್ತು. ತಯಾರಿಕೆಯಲ್ಲಿ ಉಳಿದುಬಿಡುವ ಕಲ್ಮಶಗಳ ಮೇಲೆಯೇ ಗುಮಾನಿ ಜಾಸ್ತಿ. ಹಾಗಾಗಿ ಸಿಕ್ಕಲ್ಲಿ ಬಿಡಿಯಾಗಿ ಕೊಳ್ಳುವ ಬದಲು, ಬ್ಯಾಚ್ ನಂಬರ್, ಪರೀಕ್ಷೆಯ ವರದಿ ಕೊಡುವವರ ಹತ್ತಿರ ತರಿಸುವುದು ಒಳ್ಳೆಯದು. ನೆತ್ತಿಯಲ್ಲಿ ಗಾಯ, ಕಜ್ಜಿ ಇದ್ದರೆ ಈ ಪ್ರಯೋಗವೆಲ್ಲ ಬಿಟ್ಟು ಡಾಕ್ಟರಿಗೆ ತೋರಿಸಿ.

ಬಳಸಿದ ಮೇಲೆ

ಮೊದಲ ಎರಡು ಸಲ ಮಗಳ ಕೂದಲು ಸಪ್ಪೆ ಅನಿಸಿತು. ಹಳೆಯ ಗಷ್ಟು ಇನ್ನೂ ಇತ್ತು ಅಂತ ಕಾಣುತ್ತದೆ. ಮೂರನೇ ತೊಳೆತದಿಂದ ಬಾಚಣಿಗೆಯ ಬಿಳಿ ಪುಡಿ ನಿಂತಿತು. ನೊರೆ ಕೆನೆಯ ಹಾಗೆ, ಕಣ್ಣಿಗೆ ಹೋದರೆ ಮಾತ್ರ ಉರಿಯುತ್ತದೆ. ಅವಳಿಗೆ ಇದರಲ್ಲಿ ಪರಿಮಳವೇ ಇಲ್ಲ ಅನ್ನುವ ದೂರು. ಸುಗಂಧ ಹಾಕಿದರೆ ಅಲರ್ಜಿಯ ಇನ್ನೊಂದು ಬಾಗಿಲು ತೆಗೆದ ಹಾಗೆ ಅಂತ ಸದ್ಯ ತಡೆದಿದ್ದೇನೆ, ಎಷ್ಟು ದಿನವೋ ಗೊತ್ತಿಲ್ಲ.

ಒಂದು ಕೊರತೆ ದೊಡ್ಡದು. ನೀರಲ್ಲಿ ಬಿಟ್ಟರೆ ಬಿಲ್ಲೆ ಅಂಬಲಿಯಾಗುತ್ತದೆ. ಸೋಪಿನ ಡಬ್ಬಿಯಲ್ಲಿ ಒಂದು ರಾತ್ರಿ ನೀರು ನಿಂತಿದ್ದಕ್ಕೆ ಮೊದಲ ಬಿಲ್ಲೆಯ ಕಾಲು ಭಾಗ ಹೋಯಿತು. ತೆಂಗಿನ ಕರಟಕ್ಕೆ ಡ್ರಿಲ್‌ನಿಂದ ಏಳು ತೂತು ಕೊರೆದು, ತಂತಿಯಲ್ಲಿ ಕಿಟಕಿ ಸರಳಿಗೆ ತೂಗು ಹಾಕಿದೆ. ಈಗ ನೀರು ಇಳಿದುಹೋಗುತ್ತದೆ. ಎರಡನೇ ಬಿಲ್ಲೆಯನ್ನು ವಾರಕ್ಕೊಮ್ಮೆ ತೂಗುತ್ತಿದ್ದೇನೆ. 100 ಗ್ರಾಂ ಇತ್ತು, ಇಪ್ಪತ್ತೆರಡು ತಲೆಸ್ನಾನ ಆದ ಮೇಲೆ 61 ಉಳಿದಿದೆ.

ಮುಂದಿನ ಸಲ ಸ್ಟಿಯರಿಕ್ ಆಮ್ಲ 14ರಿಂದ 18ಕ್ಕೆ ಏರಿಸಿ, ಗ್ಲಿಸರಿನ್ ಪೂರ್ತಿ ತೆಗೆಯುತ್ತೇನೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಬಿಲ್ಲೆ ಬೆವರುತ್ತಿದೆ. ನಾದುವ ಕೆಲಸ ಈ ಸಲ ಅತ್ತೆಯವರದು. ಕೈಗವಸು ಹಾಕಿಕೊಳ್ಳಲು ಇನ್ನೂ ಒಪ್ಪಿಲ್ಲ.